ಕೊಸರು

ಬಾಹಿಯಾ ಬ್ಲಾಂಕಾದಲ್ಲಿ ರೈಲು ಹಳಿಯ ಮಗ್ಗುಲಿಗೆ ನಮ್ಮಂಗಡಿ.
ಬೆಳಗಿನ ಐದೂವರೆಗೆ ಲಾರಿ ಬಂದು
ಅರ್ಧ ಹೋರಿಯನ್ನು ಅಪ್ಪನ ಹೆಗಲಿಗೆ ಹೊರಿಸಿ ಹೋಗುತ್ತದೆ.
ನೂರು ಕಿಲೋ. ಅಪ್ಪ ಅದನ್ನು ತಬ್ಬಿಕೊಂಡೇ ಒಳಗೆ ತರುತ್ತಾನೆ,
ಕುಡಿದು ಬಿದ್ದ ಭಾವಮೈದುನನನ್ನು ಮದುವೆಮನೆಯಿಂದ ತಂದ ಹಾಗೆ.

ಹಲಗೆಯ ಮೇಲೆ ದರ ಬರೆಯುವವಳು ನಾನು.
ಸೋಮವಾರದ ಸತ್ಯ ಗುರುವಾರಕ್ಕೆ ಸುಳ್ಳು.
ಒದ್ದೆ ಬಟ್ಟೆಯಲ್ಲಿ ಒರೆಸಿ ಏಳು ಬರೆದರೆ
ಕೆಳಗಿನ ಐದು ಇನ್ನೂ ಮಸುಕಾಗಿ ಇಣುಕುತ್ತದೆ.
ಗಿರಾಕಿಗಳ ಕಣ್ಣು ನೆಡುವುದು ಅಲ್ಲೇ.

ಅಪ್ಪನ ಲೆಕ್ಕ ಬೇರೆ:
ನೂರರಲ್ಲಿ ಎಲುಬು ಇಷ್ಟು, ಕೊಬ್ಬು ಇಷ್ಟು,
ಕೊಕ್ಕೆಯಲ್ಲೇ ಒಣಗಿ ಗಾಳಿಗೆ ಹೋಗುವ ಎರಡು ಕಿಲೋಗೂ
ನಾವು ಆಗಲೇ ದುಡ್ಡು ತೆತ್ತಿದ್ದೇವೆ.
ಭಾನುವಾರದ ಕೆಂಡಕ್ಕೆ ಎಲ್ಲರಿಗೂ ಪಕ್ಕೆಯೇ ಬೇಕು.
"ಬರೀ ಪಕ್ಕೆಗಳಿಂದ ಮಾಡಿದ ಹೋರಿ ಎಲ್ಲಿ ಸಿಗುತ್ತೆ?
ಕತ್ತು ಮಾರದೆ ನನ್ನ ಕತ್ತು ಉಳಿಯೋದಿಲ್ಲ."

ಹನ್ನೊಂದಕ್ಕೆ ಎತೆಲ್ವಿನಾ ಬರುತ್ತಾಳೆ.
ಗಂಡ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದಾಗ
ಎರಡು ಕಿಲೋ ಪಕ್ಕೆ, ಬೆಲೆ ಕೇಳುತ್ತಿರಲಿಲ್ಲ.
ಆಮೇಲೆ ಭುಜ. ಆಮೇಲೆ ಮೊಣಕಾಲು.
ಹೋರಿಯ ಮೈಮೇಲೆ ಅವಳ ಸಂಸಾರ
ಮೆಲ್ಲಗೆ ಕೆಳಗಿಳಿಯುವುದನ್ನು ಹತ್ತು ವರ್ಷ ನೋಡಿದ್ದೇನೆ.
ಇವತ್ತು ಮುನ್ನೂರು ಗ್ರಾಂ ಕೈಮಾ.
ಪಕ್ಕೆಯ ದರವನ್ನೂ ಕೇಳುತ್ತಾಳೆ,
ಜೋರಾಗಿ, ಹಿಂದಿನ ಸಾಲಿಗೆ ಕೇಳಿಸುವ ಹಾಗೆ.
ಅವಳ ಚೀಲದಲ್ಲಿ, ಸೊಪ್ಪಿನ ಕಟ್ಟಿನಡಿ,
ಸೂಪರ್‌ಮಾರ್ಕೆಟ್ಟಿನ ಕೋಳಿ ಅವಿತಿದೆ.
ಅಲ್ಲಿ ಅಸಲಿಗಿಂತ ಕಡಿಮೆಗೆ ಮಾರುತ್ತಾರಂತೆ,
ಸಾಬೂನಿನಲ್ಲಿ ವಸೂಲು ಮಾಡಿಕೊಳ್ಳುತ್ತಾರಂತೆ.
ಅಪ್ಪ ಚೀಲ ನೋಡಿದ, ಸೂರು ನೋಡಿದ,
ತಕ್ಕಡಿ ಮುನ್ನೂರು ತೋರಿಸಿದ ಮೇಲೆ
ಇನ್ನೊಂದು ಹಿಡಿ ಹಾಕಿದ. ಕೊಸರು.

ಒಂದು ತಿಂಗಳು ಗುಟ್ಟಾಗಿ ಬರೆದಿಟ್ಟೆ ನಾನು:
ಕೊಸರು ಒಟ್ಟು ಹನ್ನೊಂದು ಕಿಲೋ ನಾನೂರು ಗ್ರಾಂ,
ತಂಪುಕೋಣೆಯ ಕರೆಂಟು ಬಿಲ್ಲಿನ ಅರ್ಧ.
ಚೀಟಿ ಮುಂದಿಟ್ಟರೆ, ಚಾಕು ಮಸೆಯುತ್ತಲೇ ಹೇಳಿದ:
"ಅವರು ಟೀವಿಯಲ್ಲಿ ಜಾಹೀರಾತು ಕೊಡುತ್ತಾರೆ.
ನನ್ನ ಟೀವಿ ಇದು."
ಗೋಡೆಯ ಮೇಲೆ ಅವನದೇ ಕೈಬರಹ: ಇಂದು ನಗದು, ನಾಳೆ ಉದ್ರಿ.
ಗಲ್ಲಾದ ಕೆಳಗೆ ಉದ್ರಿ ಪುಸ್ತಕ, ನಲವತ್ತು ಹೆಸರು.

ಶನಿವಾರ ರಾತ್ರಿ ಉಳಿದದ್ದೇ ನಮ್ಮ ಅಡುಗೆ.
ಹೆಚ್ಚಾಗಿ ಕತ್ತು. ಮೂರು ಗಂಟೆ ಬೇಯಬೇಕು.
ಭಾನುವಾರ ಮಧ್ಯಾಹ್ನ ಮಹಡಿಗೆ ಹೋಗಿ
ಬೀದಿಯ ಹಿತ್ತಿಲುಗಳ ಹೊಗೆ ಎಣಿಸುತ್ತೇವೆ;
ಲಾರಿಯವನಿಗೆ ಎಷ್ಟು ಹೇಳಬೇಕೆಂದು
ಗೊತ್ತಾಗುವುದು ಅದರಿಂದಲೇ.
ಹೋದ ವರ್ಷ ಈ ಹೊತ್ತಿಗೆ ಒಂಬತ್ತು.
ಇವತ್ತು ನಾಲ್ಕು.
"ಮೂರು" ಎಂದ ಅಪ್ಪ, ಕಣ್ಣಿಗೆ ಕೈ ಅಡ್ಡ ಹಿಡಿದು,
"ಅದೊಂದು ಎಲೆ ಸುಡೋ ಹೊಗೆ."