ಸದರಿ ಆಟ

ಪಂಚರ ಸಮಕ್ಷಮ ಬರೆದದ್ದು ನಾನೇ.
ಅಕ್ಷರ ದುಂಡಗಿದೆಯೆಂದು
ರಾತ್ರಿ ರೇಡಿಗೆಲ್ಲ ನನ್ನನ್ನೇ ಎಬ್ಬಿಸುತ್ತಿದ್ದರು.
ಸ್ಥಳ: ಆಂಡರ್ಸನ್‌ಪೇಟೆ, ಸೈನೈಡ್ ದಿಬ್ಬದ ಬೆನ್ನಿಗೆ
ಮೂರನೇ ಲೈನಿನ ಕೊನೇ ತಗಡಿನ ಮನೆ.
ವೇಳೆ: ರಾತ್ರಿ ಒಂದು ಗಂಟೆ ನಲವತ್ತು ನಿಮಿಷ.
ಆಸಾಮಿ: ಸಗಾಯಂ ಬಿನ್ ಆರೋಗ್ಯಸಾಮಿ.
ಕಸುಬು: ಕೇಬಲ್.

ಜಪ್ತಿಯಾದದ್ದು:
ಡಿಶ್ ಒಂದು, ತುಕ್ಕು ಹಿಡಿದಿರುತ್ತದೆ.
ಡಬ್ಬಿ ಎರಡು, ಮುಟ್ಟಿದರೆ ಇನ್ನೂ ಬಿಸಿ.
ಬೇರೆ ಯಾರದೋ ಹೆಸರಿನ ಕಾರ್ಡು.
ನಾನೂರು ಅಡಿ ಕರಿ ವೈರು,
ಇಗರ್ಜಿಯ ಗೋಡೆ ಹತ್ತಿಳಿದು ಮಾರಿಕುಪ್ಪಂ ಕಡೆಗೆ ಹೋಗಿರುತ್ತದೆ.
ಲೆಕ್ಕದ ಪುಸ್ತಕ: ಮನೆಗೆ ತಿಂಗಳಿಗೆ ಎಪ್ಪತ್ತು,
ಕೆಲವು ಹೆಸರಿನ ಮುಂದೆ ಸೊನ್ನೆ,
ಸೊನ್ನೆಯ ಪಕ್ಕ ಪೆನ್ಸಿಲಿನಲ್ಲಿ
‘ಎದೆಗೆ ಧೂಳು, ಕೇಳಬಾರದು’.

ಚಾನೆಲ್ಲಿನ ಗುರುತಿದ್ದ ಮೂಲೆಯಲ್ಲಿ
ತನ್ನದೊಂದು ಪಟ್ಟಿ ಓಡಿಸಿದ್ದ: ಸಗಾಯಂ ವಿಷನ್.
ನೋಡಯ್ಯ ಇವನ ಪೊಗರು, ಅಂದರು ಸಾಹೇಬರು,
ಕದ್ದ ಕೊಡಕ್ಕೆ ಹೆಸರು ಬೇರೆ ಕೊರೆಸಿದ್ದಾನೆ.

ಅವನು ಇಲ್ಲವೆನ್ನಲಿಲ್ಲ.
‘ಕದ್ದೆ ರೈಟರೇ, ಬರೀರಿ.
ಹಾಗೇ ಇದನ್ನೂ ಬರೀರಿ,
ನೀವು ವೈರು ಕಿತ್ತಾಗ ಎರಡು–ಎರಡು.
ಯಾರು ಗೆದ್ದರೋ ಇಡೀ ಲೈನಿಗೆ ಗೊತ್ತಾಗಲಿಲ್ಲ.’
ಮಹಜರಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಎರಡು ವರ್ಷ ವಾಯಿದೆಗೆ ಅಲೆದ, ಎಂಟು ಸಾವಿರ ಕಟ್ಟಿದ.
ಈಗ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಬಾಯಲ್ಲಿ
ಡೂಪ್ಲಿಕೇಟ್ ಕೀ ಮಾಡಿಕೊಡುತ್ತಾನೆ.
ಬೀರುವಿನ ಕೀ ಕಳೆದು ಹೋಗಿದ್ದೆ,
ರಿಟೈರಾದವನನ್ನು ಸ್ಟೂಲಿನ ಮೇಲೆ ಕೂರಿಸಿದ.

ಅವನ ತಂಡ ಅಂದರೆ, ತಾತನಿಗೆ
ಗಣಿಯ ಫೋರ್‌ಮನ್ ಒಬ್ಬ ಬಿಟ್ಟುಹೋದ
ಹಸಿರು ಪಟ್ಟೆಯ ಜರ್ಸಿಯ ತಂಡ.
ಸಮುದ್ರದಾಚೆ, ಹಡಗು ಕಟ್ಟುವುದು ನಿಂತು
ಕ್ರೇನುಗಳಷ್ಟೇ ಉಳಿದ ಊರಿನದು.
‘ನಮ್ಮ ಶಾಫ್ಟಿನ ಚಕ್ರದ ಹಾಗೆ. ಇದೆ. ತಿರುಗಲ್ಲ.’

ಆ ತಂಡವನ್ನು ಮರಳುಗಾಡಿನ ದೊರೆತನವೊಂದು ಕೊಂಡಿತಂತೆ.
ಹಿಂದೆ ನೆರೆನಾಡಿನ ಮೇಲೆ ಮುನಿದು
ಅಲ್ಲಿನ ಚಾನೆಲ್ಲನ್ನು ಇಡಿಯಾಗಿ ಎತ್ತಿ,
ಮೂಲೆಗೆ ಹೊಸ ಪಟ್ಟಿ ಹಚ್ಚಿ,
ನಾನೂರು ಅಡಿ ವೈರಲ್ಲ, ಆಕಾಶದಿಂದಲೇ
ಮನೆಮನೆಗೆ ಸುರಿದ ದೊರೆತನ.
ಯಾರು ಮಾಡಿದ್ದು ಅಂದರೆ, ಗೊತ್ತಿಲ್ಲ ಅಂದಿತು.
ನಿಲ್ಲಿಸಿ ಅಂದರೆ, ಯಾರನ್ನು? ಅಂದಿತು.

ಕಳ್ಳರಿಗೆ ಕ್ಲಬ್ಬು ಮಾರುವಂತಿಲ್ಲ, ಪರೀಕ್ಷೆಯುಂಟಂತೆ.
ಕೊಳ್ಳುತ್ತಿರುವುದು ನಿಧಿ, ದೊರೆತನವಲ್ಲ ಅಂದರಂತೆ.
ನಿಧಿಯ ಕುರ್ಚಿಯಲ್ಲಿ ಕೂತವರ ತಲೆ ಮೇಲೆ ಕಿರೀಟ ಇದೆಯಲ್ಲ?
ಕೂರುವಾಗ ತೆಗೆದಿಡುತ್ತಾರೆ.
ಸರಿ, ಅಂತ ಬರೆದುಕೊಟ್ಟರಂತೆ.
ಅಲ್ಲೂ ಒಬ್ಬ ರೈಟರ್ ಇದ್ದಿರಬೇಕು, ದುಂಡಗಿನ ಅಕ್ಷರದವನು.

ಅರ ತಿಕ್ಕುತ್ತಲೇ ಕೇಳಿದ:
‘ಆವತ್ತು ನಾನೂ ಹಾಗೇ ಅನ್ನಬಹುದಿತ್ತಾ?
ಸಗಾಯಂ ಬೇರೆ, ಸಗಾಯಂ ವಿಷನ್ ಬೇರೆ ಅಂತ?’
ನಕ್ಕೆ. ಅವನು ನಗಲಿಲ್ಲ.
‘ಗಣಿ ಮುಚ್ಚಿದಾಗ ಅಪ್ಪ ಬಾಕಿ ಕೇಳೋಕೆ ಹೋದ.
ಕಂಪನಿ ಬೇರೆ, ಸರ್ಕಾರ ಬೇರೆ ಅಂದರು.
ಗಾಳಿ ಬೀಸಿದರೆ ದಿಬ್ಬದ ಧೂಳು ಮಾತ್ರ
ಯಾರದ್ದು ಅಂತ ಕೇಳದೆ ಒಳಗೆ ಬರುತ್ತೆ.’

ಹೊಸಬರು ಬಂದ ಮೇಲೆ ಗೆದ್ದರಾ? ಅಂದೆ.
‘ಮೂರು ಗೋಲು. ಕೂಗಿದೆ ರೈಟರೇ, ಪಕ್ಕದ ಮನೆ ಮಗು ಎದ್ದು ಅತ್ತಿತು.
ಆಮೇಲೆ ಟೀವಿಯ ಮೂಲೆ ನೋಡಿದೆ,
ಸುಮ್ಮನೆ, ಅಭ್ಯಾಸ.’
ಮೂವತ್ತು ತೆಗೆದುಕೊಂಡು ಇಪ್ಪತ್ತು ಚಿಲ್ಲರೆ ಕೊಟ್ಟ.

ಬಸ್ಸಿನಲ್ಲಿ ಕೀ ಹಿಡಿದು ಕೂತಾಗ ನೆನಪಾದದ್ದು:
ನಾವು ಆ ಬಾಗಿಲು ತಟ್ಟಿದ್ದು ಒಂದು ಇಪ್ಪತ್ತೈದಕ್ಕೆ.
ಹಸಿರು ಪಟ್ಟೆಗೆ ಪೆನಾಲ್ಟಿ ಸಿಕ್ಕಿತ್ತು.
ತಡಿಯಯ್ಯ, ಅಂದರು ಸಾಹೇಬರು, ಲಾಠಿ ಕಂಕುಳಲ್ಲಿ.
ಡ್ರೈವರು ಜೀಪು ಆರಿಸಿ ಒಳಗೆ ಬಂದ.
ಟೈಲರ್ ಖಾದರ್ ಬಾಷಾ, ಆಮೇಲೆ ನಮ್ಮ ಒಂದನೇ ಪಂಚ,
ಚಾಪೆಯ ಮೇಲೆ ಜಾಗ ಬಿಟ್ಟ.
ಹದಿನೈದು ನಿಮಿಷ ಇಡೀ ಸರ್ಕಾರ
ಕದ್ದ ಬೆಳಕು ಮುಖಕ್ಕೆ ಬಡಿಸಿಕೊಂಡು ನಿಂತಿತ್ತು.

ಆಮೇಲೆ ನಾನು ಪೆನ್ನಿನ ಟೋಪಿ ತೆಗೆದೆ.