ಪ್ರೆಸೆಂಟ್ಲಿ

ಸಾವಿರದೆಂಟುನೂರ ಎಪ್ಪತ್ತೊಂದರ ಕಾಗದ.
ಅಂಚಿಗೆ ಗೆದ್ದಲು, ನಡುವೆ ಯಾರದೋ ಮೀನೆಣ್ಣೆಯ ಬೆರಳು.
ಕೋಡಿಬಾಗದ ಕಡವಿನ ಪಕ್ಕದ ಹನ್ನೊಂದು ಗುಂಟೆ
ದೋಣಿ ದಾಟಿಸುವ ಮಂಕಾಳಿ ತಾಂಡೇಲನಿಗೆ
'ಪ್ರೆಸೆಂಟ್ಲಿ' ಕೊಡಲಾಗುವುದೆಂದು
ಬಂದರಿನ ಸಾಹೇಬ ಬರೆದ ಸಾಲು.
ಉಳಿದದ್ದೆಲ್ಲ ಊಟದ ಹೊತ್ತಿಗೆ ಕನ್ನಡವಾಯಿತು.
ಈ ಒಂದರ ಮುಂದೆ ಕೂತಿದ್ದೇನೆ,
ಕಾರವಾರ ಕೋರ್ಟಿನ ಭಾಷಾಂತರಕಾರ,
ಫ್ಯಾನಿನ ಗಾಳಿಗೆ ಹಾರದಂತೆ
ಹಾಳೆಯ ಮೇಲೊಂದು ಕಪ್ಪೆಚಿಪ್ಪು ಹೇರಿ.

ನಿಘಂಟು ಹೇಳುತ್ತದೆ: ಮೊದಲು ಇದರ ಅರ್ಥ ತಕ್ಷಣ.
ಕರೆದವನ ಬಾಯಿ ಮುಚ್ಚುವುದರೊಳಗೆ
ಎದ್ದು ನಿಲ್ಲುವಂಥ ತಕ್ಷಣ.
ಆಮೇಲೆ ಜನ ಹಾಗೆಂದು ಹೇಳಿ ಹೇಳಿ
ಏಳದೆ ಕೂತರು.
ಶಬ್ದ ಒಂದೇ ಎಷ್ಟು ಹೊತ್ತು ನಿಂತೀತು? ಅದೂ ಕೂತಿತು.
ತಕ್ಷಣವೆಂಬುದು ಇಳಿದು ಇಳಿದು
ಇನ್ನು ಸ್ವಲ್ಪ ಹೊತ್ತಿಗೆ ಎಂದಾಯಿತು,
ಭರತಿ ಇಳಿದ ಹಾಗೆ, ಯಾರೂ ಇಳಿಸದೆ.
ಸದ್ಯ ಎಂಬ ಅರ್ಥವೂ ಉಂಟಂತೆ. ಅದು ಬಹಳ ಹಳೆಯದು,
ಎಲ್ಲೋ ಮುಳುಗಿತ್ತು, ಈಚೆಗೆ ಮತ್ತೆ ತೇಲಿದೆ.

ನಾಡಕರ್ಣಿ ವಕೀಲರಿಗೆ 'ತಕ್ಷಣ' ಬೇಕು:
ಅಂದೇ ಕೊಟ್ಟಾಯಿತು, ಭೂಮಿ ನಮ್ಮದು.
ಸರಕಾರದ ವಕೀಲರಿಗೆ 'ಮುಂದೆಂದಾದರೂ'.
ಜಡ್ಜ್ ಸಾಹೇಬರು ಕನ್ನಡಕ ಒರೆಸುತ್ತ,
ಒಂದೇ ಶಬ್ದ ಬರೀರಿ, ಟಿಪ್ಪಣಿ ಬೇಡ, ಎಂದರು.

ಹೊರಗಿನ ಬೆಂಚಿನಲ್ಲಿ ಸುಲಕ್ಷಾ ತಾಂಡೇಲ,
ವಾಚಿನ ಪಟ್ಟಿಗೆ ಸಿಕ್ಕಿಸಿದ ಬಸ್ ಟಿಕೆಟು.
ಬೆಳಿಗ್ಗೆ ಬಂಗಡೆ ಮಾರಿ ಬಂದವಳು.
ಕೇಳದೆಯೇ ಹೇಳಿದಳು:
ಸೇತುವೆಯಿಲ್ಲದ ಕಾಲ ಸರ್. ಸದಾಶಿವಗಡದ ದಂಡೆಯಿಂದ
ಓ ತಾಂಡೇಲಾ ಎಂದು ಕೂಗು ಬೀಳ್ತಿತ್ತು.
ಈಚೆ ದಂಡೆಯಿಂದ ನಮ್ಮಜ್ಜ, ಆತಾ ಆಯ್ಲೊ!
ಈಗ ಬಂದೆ!
ಅಂದವ ಎಲೆಯಡಿಕೆ ಮುಗಿಸಿ, ಬಲೆಯ ಗಂಟೊಂದು ಬಿಗಿದು,
ದೋಣಿಯ ನೀರು ಮೊಗೆದು ಚೆಲ್ಲಿ,
ಆಮೇಲೆ ಹುಟ್ಟು ಹಿಡೀತಿದ್ದ.
ಕಾಯುವವರಿಗೂ ಗೊತ್ತಿತ್ತು. ಕಾಯ್ತಿದ್ದರು.
ಬೈತಾನೂ ಇದ್ದರು ಅನ್ನಿ.

ಬಂದೆ ಎಂಬುದು ಆಗಿಹೋದ ಕಾಲ,
ಬರುವುದು ಇನ್ನೂ ಆಗಬೇಕಾದದ್ದು,
ಮನುಷ್ಯ ಮಾತ್ರ ಕೂತಲ್ಲೇ.
ನಮ್ಮದೇ ಬಾಯಲ್ಲಿ ಹೀಗಿರುವಾಗ
ಇಂಗ್ಲಿಷನ್ನು ಏನೆಂದು ಬೈಯಲಿ?

ಆದರೂ ನಿಮ್ಮಜ್ಜ ಬರ್ತಿದ್ದನಲ್ಲ, ಎಂದೆ.
ಬಾರದೆ? ಎಂದಳು ಸಿಟ್ಟಿನಿಂದಲೇ.
ಕಾಳಿ ತುಂಬಿ ಹರಿದರೂ ಬರ್ತಿದ್ದ.
ಬಾರದವ ನಿಮ್ಮ ಕಾಗದದಾಂವ.

ಒಳಗೆ ಬಂದು 'ತಕ್ಷಣ' ಎಂದು ಬರೆದೆ, ಹೊಡೆದೆ.
'ಬೇಗ'. ಹೊಡೆದೆ.
'ಈಗ' ಎಂದು ಪೆನ್ಸಿಲಿನಲ್ಲಿ ಬರೆದು ನೋಡಿದೆ,
ಅಜ್ಜನ ದನಿ ಕೇಳಿತು, ಅಳಿಸಿದೆ,
ಸಾಹೇಬನಿಗೆ ಅದನ್ನು ಕೊಡಲು ಮನಸ್ಸಾಗದೆ.

ನಾಲ್ಕೂವರೆ. ಬಾಗಿಲಲ್ಲಿ ಜವಾನ:
ಆಯ್ತಾ ಸರ್?
ಈಗ ಕೊಟ್ಟೆ, ಎಂದೆ.
ಚಿಪ್ಪಿನ ಪಕ್ಕದಲ್ಲಿ
ಆ ಒಂದು ಶಬ್ದದಷ್ಟು ಜಾಗ ಖಾಲಿ.