ಬಿಜಾಗರಿ

ಶಾರ್ಜಾದ ಗುಜರಿಯಲ್ಲಿ
ಮೂರು ಬಿಜಾಗರಿ ತೂಗಿ ನೋಡಿದ ಲಿಗೋರಿ.
ಹಿತ್ತಾಳೆಯದು ಚಂದ, ಬಾಗಿಲ ಭಾರಕ್ಕೆ ಸೋಲುತ್ತದೆ.
ಕಬ್ಬಿಣದ್ದು ಗಟ್ಟಿ; ಈ ಉಪ್ಪುಗಾಳಿಗೆ ಎರಡೇ ವರ್ಷ.
ಕೊನೆಗೆ ಸ್ಟೀಲಿನ ಉದ್ದ ಪಟ್ಟಿ,
ಟ್ರೈಲರಿನ ಹಿಂಬಾಗಿಲಿನ ಅಗಲಕ್ಕೆ ಒಂದೇ ಬೆನ್ನೆಲುಬು.

ಮೂವತ್ತಾರು ಸ್ಕ್ರೂ. ತೂತು ತೂತಿಗೂ ಸಿಲಿಕಾನ್,
ಮೇಲೆ ಹಳೆ ಟ್ಯೂಬಿನ ರಬ್ಬರು
ಸೂರಿನ ಹಾಗೆ ಇಳಿಬಿಟ್ಟು.
"ಮಳೆಯೇ ಇಲ್ಲದ ಊರಲ್ಲಿ ಯಾರ ಮೇಲೆ ಸಿಟ್ಟು ಮಾರಾಯಾ?" ಎಂದೆ.
ಪೈಪು ನನ್ನ ಕೈಗಿಟ್ಟು ಒಳಗೆ ಮಲಗಿದ: "ಹೊಯ್ಯಿ."
ಒಂದು ಹನಿ ಇಲ್ಲ.

ಉಮ್ ಅಲ್ ಕುವೈನಿನ ದಡ, ಡಿಸೆಂಬರಿನ ರಾತ್ರಿ.
ಬೆಳಿಗ್ಗೆ ನೋಡಿದರೆ
ಬಿಜಾಗರಿಯ ಕೆಳಗೆ ಸಾಲು ಹನಿ.
ಬೆರಳಿಗೆ ತಾಗಿಸಿ ನೆಕ್ಕಿದ: ಉಪ್ಪಿಲ್ಲ.
ನಮ್ಮಿಬ್ಬರ ಉಸಿರು,
ಹೋಗಲು ದಾರಿಯಿಲ್ಲದೆ.

ಮಾತಾಡದೆ ಡ್ರಿಲ್ ಹುಡುಕಿದ.